ಏಳು ಮಕ್ಕಳ ಸಂಶೋಧನೆ

ನಾನು ಬಿ.ಎಡ್. ಓದಿದ ವರ್ಷ ಹೈದರಾಬಾದಿನಲ್ಲಿ ಟೀಚರ್ ಆಗಲು ಹೊರಟವರನ್ನು ಕಂಡರೆ ಜನ ಸ್ವಲ್ಪ ಮರುಗುತ್ತಿದ್ದರು. ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ಅಮೀರ್‌ಪೇಟ್‌ನಲ್ಲಿ ಬಸ್ಸಿಳಿದರೆ ಸಾಕು, ಕರಪತ್ರ ಹಂಚುವವರು ಮುತ್ತಿಕೊಂಡು ಕಂಪ್ಯೂಟರ್ ಕೋರ್ಸುಗಳ ಹೆಸರು ಒದರುತ್ತಿದ್ದರು. ಗೋಡೆ, ಕರೆಂಟಿನ ಕಂಬ, ಇಡ್ಲಿ ಬಂಡಿಯ ಬೆನ್ನು, ಎಲ್ಲ ಕಡೆಯೂ ಅವೇ ಪೋಸ್ಟರುಗಳು. ಒಮ್ಮೆ ಒಬ್ಬಾತ ನನ್ನ ಕೈಗೆ ಕರಪತ್ರ ಕೊಟ್ಟು ಏನು ಓದಿದ್ದೀರಿ ಎಂದು ಕೇಳಿದ. ಬಿ.ಎಸ್ಸಿ. ಗಣಿತ ಮುಗಿಸಿದ್ದೇನೆ, ಈಗ ಬಿ.ಎಡ್. ಎಂದೆ. ಅವನು ಕರಪತ್ರವನ್ನು ವಾಪಸು ತೆಗೆದುಕೊಂಡು ನನ್ನ ಹಿಂದಿದ್ದವಳಿಗೆ ಕೊಟ್ಟ.

ನಮ್ಮದು ಧಾರವಾಡ ಕಡೆಯ ಮನೆತನ. ಅಪ್ಪ ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಾನು ಹುಟ್ಟಿ ಬೆಳೆದದ್ದು ಕಾರ್ಖಾನೆಯ ಕ್ವಾರ್ಟರ್ಸಿನಲ್ಲೇ. ಮನೆಯೊಳಗೆ ಕನ್ನಡ, ಗೇಟು ದಾಟಿದರೆ ತೆಲುಗು, ಬಸ್ಸು ಹತ್ತಿದರೆ ಹಿಂದಿ. ಗೆಳತಿಯರು ಜೊತೆಗಿದ್ದಾಗ ಅವ್ವ ಕನ್ನಡದಲ್ಲಿ ಕೂಗಿದರೆ ನಾನು ತೆಲುಗಿನಲ್ಲಿ ಓಗೊಡುತ್ತಿದ್ದೆ. ಅದು ನಾಚಿಕೆಯೋ ಬರಿಯ ರೂಢಿಯೋ, ಈಗ ಹೇಳುವುದು ಕಷ್ಟ. ಶಾಲೆ, ಕಾಲೇಜು ಎಲ್ಲ ಮುಗಿಯುವ ಹೊತ್ತಿಗೆ ನಾನು ಕನ್ನಡದವಳೆಂದು ಹೊರಗೆ ಯಾರಿಗೂ ಗೊತ್ತಾಗದಂತಾಗಿತ್ತು.

ಬಿ.ಎಡ್. ಕಾಲೇಜಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ನಮಗೆ ಬೋಧನಾ ವಿಧಾನ ಕಲಿಸುತ್ತಿದ್ದ ಮೇಷ್ಟರು, ಬೀದರಿನವರು. ಐವತ್ತು ದಾಟಿದ ವಯಸ್ಸು, ಯಾವಾಗಲೂ ಒಗೆದು ಬಣ್ಣ ಹೋದ ಸಫಾರಿ, ಜೇಬಿನಲ್ಲಿ ಅಡಿಕೆ ಡಬ್ಬಿ. ಅವರು ತೆಲುಗನ್ನು ಉರ್ದುವಿನ ಧಾಟಿಯಲ್ಲಿ ಆಡುತ್ತಿದ್ದರು. ನನ್ನ ಅರ್ಜಿಯಲ್ಲಿ ಮಾತೃಭಾಷೆ ಎಂಬಲ್ಲಿ ಬರೆದದ್ದನ್ನು ನೋಡಿದ್ದ ಅವರು ವರಾಂಡದಲ್ಲಿ ಸಿಕ್ಕಾಗಲೆಲ್ಲ ದನಿ ತಗ್ಗಿಸಿ, "ಏನ್ ತಂಗಿ, ಊಟ ಆಯ್ತಾ?" ಎನ್ನುವರು. ನಾನು ಅತ್ತಿತ್ತ ನೋಡಿ "ಆತ್ರೀ ಸರ" ಎನ್ನುತ್ತಿದ್ದೆ.

ವರ್ಷದ ನಡುವೆ ಅವರು ತರಗತಿಗೆ ಬಂದು ಬೋರ್ಡಿನ ಮೇಲೆ 'ಕ್ರಿಯಾ ಸಂಶೋಧನೆ' ಎಂದು ಬರೆದರು. ನಾವು ಪಾಠ ಮಾಡಲು ಹೋಗುವ ಶಾಲೆಯಲ್ಲಿ ಒಂದು ತೊಡಕನ್ನು ಗುರುತಿಸಬೇಕು, ಅದರ ಕಾರಣ ಹುಡುಕಬೇಕು, ಒಂದು ಉಪಾಯ ಮಾಡಿ ನೋಡಬೇಕು, ಮೊದಲು ಒಂದು ಪರೀಕ್ಷೆ, ಕೊನೆಗೆ ಒಂದು ಪರೀಕ್ಷೆ, ಆಮೇಲೆ ವರದಿ. ಇಷ್ಟು ಹೇಳಿ, ಇದನ್ನು ಮಾಡಬಲ್ಲೆ ಎನ್ನುವವರು ಕೈ ಎತ್ತಿ ಎಂದರು. ಐವತ್ತಕ್ಕೂ ಹೆಚ್ಚು ಜನರಿದ್ದೆವು. ಒಂದು ಕೈಯೂ ಮೇಲೇಳಲಿಲ್ಲ. ಅವರಿಗೆ ಅದರಿಂದ ಬೇಸರವೇನೂ ಆದಂತಿರಲಿಲ್ಲ. ಪ್ರತಿಯೊಬ್ಬರೂ ಒಂದು ಚೀಟಿಯಲ್ಲಿ, ಹೆಸರಿಲ್ಲದೆ, ಏನು ಭಯ ಎಂದು ಬರೆದುಕೊಡಿ ಎಂದರು.

ಆ ಚೀಟಿಗಳನ್ನು ಅವರು ಒಂದೊಂದಾಗಿ ಓದಿದರು. 'ಅಂಕಿಅಂಶ ಅಂದರೆ ತಲೆನೋವು.' 'ಶಾಲೆಯ ಟೀಚರ್ ಬಯ್ಯುತ್ತಾರೆ.' 'ಫಲಿತಾಂಶ ಬರದಿದ್ದರೆ ಫೇಲ್ ಮಾಡುತ್ತೀರಾ?' ನನ್ನ ಚೀಟಿಯೂ ಬಂತು. 'ನನಗೆ ಪಾಠ ಮಾಡುವುದೇ ಇನ್ನೂ ಬರುವುದಿಲ್ಲ, ಸಂಶೋಧನೆ ಎಲ್ಲಿಂದ ಮಾಡಲಿ?' ಎಲ್ಲರೂ ನಕ್ಕರು, ನಾನೂ ನಕ್ಕೆ. ಮೇಷ್ಟರು ನಗಲಿಲ್ಲ. ಆ ಚೀಟಿಯನ್ನು ಎರಡು ಸಲ ಓದಿ ಜೇಬಿಗೆ ಹಾಕಿಕೊಂಡರು. ಅಕ್ಷರ ನೋಡಿ ಯಾರದ್ದೆಂದು ಅವರಿಗೆ ತಿಳಿದಿರಬೇಕು. ಸಂಜೆ ಸೈಕಲ್ ಸ್ಟ್ಯಾಂಡಿನ ಹತ್ತಿರ ನಿಲ್ಲಿಸಿ ಹೇಳಿದರು: "ಪಾಠ ಮಾಡ್ಲಿಕ್ಕಿ ಬರ್ತದ ಅಂತ ತಿಳ್ಕೊಂಡೋರು ಏನೂ ಹುಡುಕೂದಿಲ್ಲ ತಂಗಿ. ಬರೂದಿಲ್ಲ ಅನ್ನೋರೇ ಹುಡುಕ್ತಾರ. ನೀ ಹೆದರಬ್ಯಾಡ."

ನಾನು ಹೆದರಿದ್ದೆ. ಸಂಶೋಧನೆ ಎಂದರೆ ಬಿಳಿ ಕೋಟು ತೊಟ್ಟವರ ಕೆಲಸ ಎಂದೇ ನನ್ನ ತಲೆಯಲ್ಲಿತ್ತು.

ನನ್ನ ಜೊತೆಗಾತಿಗೆ ಆ ಹೆದರಿಕೆ ಇರಲಿಲ್ಲ. ಅವಳು ಖಮ್ಮಂ ಕಡೆಯ ತೆಲುಗು ಹುಡುಗಿ, ಅಮೀರ್‌ಪೇಟ್‌ನ ಹಾಸ್ಟೆಲ್ಲಿನಲ್ಲಿದ್ದಳು. ಕಾಲೇಜಿನವರು ನಮ್ಮಿಬ್ಬರನ್ನೂ ಮಿಯಾಪುರದ ಒಂದು ಸರ್ಕಾರಿ ಪ್ರೌಢಶಾಲೆಗೆ ಹಾಕಿದ್ದರು. ಅವಳ ಕೋಣೆಯಲ್ಲಿ ನಾಲ್ಕು ಮಂಚ. ಉಳಿದ ಮೂವರೂ ಕಂಪ್ಯೂಟರ್ ಕಲಿಯುವವರು. ಇನ್‌ಸ್ಟಿಟ್ಯೂಟಿನಲ್ಲಿ ಕಂಪ್ಯೂಟರ್ ಸಿಗುವುದು ದಿನಕ್ಕೆ ಒಂದೇ ಗಂಟೆ, ಹಾಗಾಗಿ ಅವರು ಉಳಿದ ಹೊತ್ತೆಲ್ಲ ಪ್ರೋಗ್ರಾಮುಗಳನ್ನು ಉದ್ದ ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದು ಕಂಠಪಾಠ ಮಾಡುತ್ತಿದ್ದರು. ಆ ಮಣಮಣದ ನಡುವೆ ಕೂತು ನಾವು ಪಾಠಯೋಜನೆ ಬರೆಯುತ್ತಿದ್ದೆವು. ಮಾವಿನ ಉಪ್ಪಿನಕಾಯಿ ಬೆರೆಸಿದ ಅನ್ನವನ್ನು ಒಂದೇ ತಟ್ಟೆಯಲ್ಲಿ ಐವರೂ ತಿನ್ನುತ್ತಿದ್ದೆವು. ಆ ಕೋಣೆಯಷ್ಟು ನಗು ನಾನು ಮತ್ತೆಲ್ಲೂ ಕೇಳಿಲ್ಲ.

"ನೀನೇಕೆ ಇಷ್ಟು ಯೋಚಿಸುತ್ತೀ?" ಎಂದು ಅವಳು ತೆಲುಗಿನಲ್ಲಿ ಕೇಳಿದಳು. "ಕೆಳಗಿನ ಜೆರಾಕ್ಸ್ ಅಂಗಡಿಯಲ್ಲಿ ಹಳೆಯ ವರದಿಗಳು ಸಾಲಾಗಿವೆ. ಒಂದನ್ನು ಆರಿಸು, ಶಾಲೆಯ ಹೆಸರು ಬದಲಿಸು, ಟೈಪ್ ಮಾಡಿಸು. ನಮ್ಮ ಸೀನಿಯರುಗಳೂ ಹಾಗೇ ಮಾಡಿದ್ದು."

ನಿಜ ಹೇಳಬೇಕೆಂದರೆ ನಾನೂ ಆ ಅಂಗಡಿಗೆ ಹೋಗಿ ಒಂದು ವರದಿ ಆರಿಸಿದ್ದೆ. 'ಆರನೇ ತರಗತಿಯ ಮಕ್ಕಳು ಗಣಿತದ ವಾಕ್ಯರೂಪದ ಲೆಕ್ಕಗಳಲ್ಲಿ ಮಾಡುವ ತಪ್ಪುಗಳು' ಎಂದು ಅದರ ಹೆಸರು. ಅಲ್ಲಿ ಪ್ರೌಢಶಾಲೆ ಆರನೇ ತರಗತಿಯಿಂದಲೇ ಶುರು, ನನಗೂ ಆ ತರಗತಿಯ ಗಣಿತವೇ ಬಂದಿತ್ತು. ಮೊದಲ ಪರೀಕ್ಷೆಯನ್ನು ಹೇಗೂ ಶಾಲೆಯಲ್ಲಿ ಮಾಡಲೇಬೇಕು, ಹೆಡ್‌ಮಾಸ್ಟರ್ ಸಹಿ ಬೇಕು. ಉಳಿದದ್ದನ್ನು ಆ ವರದಿಯಿಂದ ಇಳಿಸಿಕೊಂಡರಾಯಿತು ಎಂದುಕೊಂಡಿದ್ದೆ.

ಮಿಯಾಪುರ ಆಗ ಊರಿನ ಅಂಚು. ಈಗ ಮೆಟ್ರೋ ನಿಲ್ಲುವ ಕಡೆ ಆಗ ಹುಣಸೆಮರಗಳಿದ್ದವು. ಆದರೆ ಎಲ್ಲಿ ನೋಡಿದರೂ ಅಪಾರ್ಟ್‌ಮೆಂಟುಗಳು ಏಳುತ್ತಿದ್ದವು. ಶಾಲೆಯ ಕಿಟಕಿಯಿಂದ ಕಾಂಕ್ರೀಟ್ ಕಲಸುವ ಯಂತ್ರದ ಸದ್ದು ದಿನವಿಡೀ ಬರುತ್ತಿತ್ತು. ಅದರ ಮೇಲೆ ಕೇಳುವಂತೆ ಪಾಠ ಮಾಡಿ ಮಾಡಿ ನನ್ನ ಗಂಟಲು ವಾರದೊಳಗೆ ಕೂತುಹೋಯಿತು.

ವಾಕ್ಯರೂಪದ ಐದು ಲೆಕ್ಕಗಳ ಪರೀಕ್ಷೆಯನ್ನು ತೆಲುಗಿನಲ್ಲಿ ಕೊಟ್ಟೆ. ಪತ್ರಿಕೆಗಳನ್ನು ತಿದ್ದುವಾಗ ಏಳು ಪತ್ರಿಕೆಗಳಲ್ಲಿ ತಿದ್ದಲು ಏನೂ ಇರಲಿಲ್ಲ. ಹೆಸರು ಬರೆದು ಉಳಿದದ್ದನ್ನು ಖಾಲಿ ಬಿಟ್ಟಿದ್ದರು. ಆ ಏಳೂ ಮಕ್ಕಳು ಹಿಂದಿನ ಸಾಲಿನಲ್ಲಿ ಗುಂಪಾಗಿ ಕೂರುವವರು. ಹೆಸರು ಕೂಗಿದರೆ ಎದ್ದು ನಿಲ್ಲುವರು, ಪ್ರಶ್ನೆ ಕೇಳಿದರೆ ನೆಲ ನೋಡುವರು. ನನ್ನ ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದದ್ದು ಒಂದೇ ಪದ: 'ಮಂದಬುದ್ಧಿಯವರು.' ಶಾಯಿ ಪೆನ್ನಿನಲ್ಲಿ, ಕೆಳಗೆ ಗೆರೆ ಎಳೆದು ಬರೆದಿದ್ದೆ.

ಇದಾದ ಎರಡನೆಯ ದಿನವೋ ಮೂರನೆಯ ದಿನವೋ ಮಧ್ಯಾಹ್ನ ಊಟದ ಬಿಡುವಿನಲ್ಲಿ ನಾನು ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಮಕ್ಕಳು ಸಾಲು ನಿಂತಿದ್ದರು. ಆ ಏಳು ಮಂದಿಯಲ್ಲಿ ಒಬ್ಬಳಾದ, ಎಣ್ಣೆ ಕಾಣದ ಕೂದಲಿಗೆ ಕೆಂಪು ರಿಬ್ಬನ್ ಕಟ್ಟಿದ ಹುಡುಗಿ ಸಾಲು ತಪ್ಪಿಸಿ ನುಗ್ಗಿದ ಗೆಳತಿಯನ್ನು ಮೊಣಕೈಯಿಂದ ತಡೆದು ಹೇಳುತ್ತಿದ್ದಳು: "ಹಿಂದ ಸರಿ. ನಂದು ಪಾಳಿ ಐತಿ. ನಿನ್ನ ಮುಂದ ಇನ್ನ ಮೂರು ಮಂದಿ ಅದಾರ, ಕಾಣಾಂಗಿಲ್ಲೇನ?"

ಡಬ್ಬಿ ಹಿಡಿದು ನಿಂತೇ ಬಿಟ್ಟೆ. ಅದು ನಮ್ಮ ಅಜ್ಜಿಯ ಮಾತಿನ ಹಾಗೆಯೇ ಇತ್ತು. ಆ ಶಾಲೆಯಲ್ಲಿ ಮೂರು ವಾರ ಕಳೆದಿದ್ದರೂ ಅವಳ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು.

"ಯಾವ ಊರು ನಿಮ್ದು?" ಎಂದು ಕನ್ನಡದಲ್ಲಿ ಕೇಳಿದೆ.

ಅವಳು ಬೆಚ್ಚಿ ನಲ್ಲಿ ಬಿಟ್ಟಳು. ನೀರು ಅವಳ ಕಾಲ ಮೇಲೆ ಸುರಿಯುತ್ತಿತ್ತು, ಅವಳಿಗೆ ಅರಿವಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿ ನಿಧಾನವಾಗಿ ಹೇಳಿದಳು: "ಯಾದಗಿರಿ ಕಡಿಯೋರ್ರೀ. ನಿಮಗ ನಮ್ಮ ಮಾತು ಬರತೈತೇನ್ರೀ ಅಕ್ಕೋರ?"

ಅಕ್ಕೋರು ಎಂದರೆ ನಮ್ಮ ಕಡೆ ಹೆಣ್ಣು ಮೇಷ್ಟರನ್ನು ಕರೆಯುವ ರೀತಿ. ಅವ್ವ ತನ್ನ ಶಾಲೆಯ ಕತೆ ಹೇಳುವಾಗ ಕೇಳಿದ್ದ ಪದ. ನನ್ನನ್ನು ಹಾಗೆ ಯಾರೂ ಕರೆದಿರಲಿಲ್ಲ. ಬರುತ್ತದೆ ಎಂದು ತಲೆಯಾಡಿಸಿದೆ. ಅಷ್ಟರಲ್ಲಿ ಸಾಲಿನಲ್ಲಿದ್ದ ಇನ್ನಿಬ್ಬರು ಹತ್ತಿರ ಬಂದರು. ಏಳೂ ಮಂದಿ ಯಾದಗಿರಿ, ರಾಯಚೂರು ಕಡೆಯವರು. ತಂದೆತಾಯಿಗಳು ಕಿಟಕಿಯಾಚೆ ಕಾಣುವ ಅದೇ ಕಟ್ಟಡದಲ್ಲಿ ಗಾರೆ ಕೆಲಸಕ್ಕೆ ಬಂದವರು. ತೆಲುಗು ಮೀಡಿಯಂ ಶಾಲೆಗೆ ಸೇರಿ ಒಂದೆರಡು ವರ್ಷವಷ್ಟೇ ಆಗಿತ್ತು. ಅಂಗಡಿಯಲ್ಲಿ ಸಾಮಾನು ಕೇಳುವಷ್ಟು ತೆಲುಗು ಅವರಿಗೆ ಬರುತ್ತಿತ್ತು. ವಾಕ್ಯರೂಪದ ಲೆಕ್ಕವನ್ನು ಅರ್ಥ ಮಾಡಿಕೊಳ್ಳುವಷ್ಟು ಬರುತ್ತಿರಲಿಲ್ಲ.

ಮರುದಿನ ಬಿಡುವಿನಲ್ಲಿ ಅವರನ್ನು ಶಾಲೆಯಂಗಳದ ಹುಣಸೆಮರದ ಕೆಳಗೆ ಕೂರಿಸಿಕೊಂಡು ಅದೇ ಐದು ಲೆಕ್ಕಗಳನ್ನು ಬಾಯಲ್ಲಿ, ಕನ್ನಡದಲ್ಲಿ ಕೇಳಿದೆ. ಒಂದು ತೊಟ್ಟಿಯಲ್ಲಿ ಇಷ್ಟು ಕೊಡ ನೀರು, ದಿನಕ್ಕೆ ಇಷ್ಟು ಖರ್ಚಾದರೆ ಎಷ್ಟು ದಿನ ಬಂದೀತು ಎಂಬಂಥವು. ರಿಬ್ಬನ್ನಿನ ಹುಡುಗಿ ನಾನು ಮುಗಿಸುವ ಮೊದಲೇ ಉತ್ತರ ಹೇಳಿದಳು. ಹೇಗೆ ಮಾಡಿದೆ ಎಂದೆ. "ನಮ್ಮವ್ವ ಒಂದ ಸಲಕ್ಕ ಎಂಟು ಇಟ್ಟಂಗಿ ಹೊರತಾಳ್ರೀ. ಎಷ್ಟ ಸಲ ಏರಬೇಕು ಅಂತ ನಾನ ಹೇಳತೀನಿ. ಇದೂ ಹಂಗ ಐತಲ್ರೀ," ಎಂದಳು. ಎಲ್ಲರೂ ಹಾಗಿರಲಿಲ್ಲ. ಒಬ್ಬ ಹುಡುಗನಿಗೆ ಕನ್ನಡದಲ್ಲೂ ಭಾಗಾಕಾರ ಬರಲಿಲ್ಲ, ಇನ್ನೊಬ್ಬಳು ಎಲ್ಲಕ್ಕೂ 'ಹನ್ನೆರಡ್ರೀ' ಎಂದಳು. ಆದರೆ ಏಳರಲ್ಲಿ ಒಬ್ಬರೂ ನಾನು ಬರೆದಿದ್ದ ಪದಕ್ಕೆ ಹೊಂದುವವರಾಗಿರಲಿಲ್ಲ.

ಮನೆಗೆ ಬಂದು ಆ ಪುಟ ತೆಗೆದೆ. ಆ ಪದದ ಮೇಲೆ ಗೀಚಿದರೆ ಮುಗಿಯುತ್ತಿತ್ತು. ಯಾಕೋ ಗೀಚಲಿಲ್ಲ. ಅದರ ಪಕ್ಕದಲ್ಲೇ 'ಇದು ನನ್ನ ತಪ್ಪು' ಎಂದು ಬರೆದೆ. ಜೆರಾಕ್ಸ್ ಅಂಗಡಿಯಿಂದ ತಂದ ವರದಿಯಲ್ಲಿ ಇಂಥ ಮಕ್ಕಳ ವಿಷಯ ಎಲ್ಲೂ ಇರಲಿಲ್ಲ. ಹಾಗಾಗಿ ಇಳಿಸಿಕೊಳ್ಳುವುದಕ್ಕೂ ಏನೂ ಉಳಿಯಲಿಲ್ಲ.

ಅಂದಿನಿಂದ ದಿನಾ ಬಿಡುವಿನಲ್ಲಿ ಅರ್ಧ ಗಂಟೆ ಮರದ ಕೆಳಗೆ ನಮ್ಮ ಪಾಠ. ಲೆಕ್ಕವನ್ನು ಮೊದಲು ತೆಲುಗಿನಲ್ಲಿ ಓದುವುದು, ಅದರ ಕತೆಯನ್ನು ಕನ್ನಡದಲ್ಲಿ ಹೇಳುವುದು, ಮಣ್ಣಿನ ಮೇಲೆ ಚಿತ್ರ ಬಿಡಿಸುವುದು, ಉತ್ತರವನ್ನು ಮತ್ತೆ ತೆಲುಗಿನಲ್ಲಿ ಬರೆಯುವುದು. ಉಪಾಯ ನಾನೇ ಕಟ್ಟಿದ್ದು, ಸರಿಯೋ ತಪ್ಪೋ ಗೊತ್ತಿರಲಿಲ್ಲ. ಆ ತರಗತಿಯ ಟೀಚರ್ ಎರಡು ದಿನ ದೂರದಿಂದ ನೋಡಿ ಮೂರನೆಯ ದಿನ ಹತ್ತಿರ ಬಂದರು. ಒಳ್ಳೆಯ ಹೆಂಗಸು, ಇಪ್ಪತ್ತು ವರ್ಷ ಪಾಠ ಮಾಡಿದ್ದವರು.

"ನೀನು ಇವರ ಭಾಷೆಯಲ್ಲಿ ಹೇಳಿಕೊಟ್ಟರೆ ಇವರು ತೆಲುಗು ಕಲಿಯುವುದು ಯಾವಾಗ?" ಎಂದು ಕೇಳಿದರು. "ನೀನು ತಿಂಗಳು ಕಳೆದು ಹೋಗುತ್ತೀ. ಆಮೇಲೆ ಇವರ ಜೊತೆ ಇರುವವಳು ನಾನು."

ಗೊತ್ತಿಲ್ಲ ಮೇಡಂ ಎಂದೆ. ಅವರು ಬೇಡವೆನ್ನಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಆದರೆ ಮರುದಿನ ಬಿಡುವಿನಲ್ಲಿ ಮರದ ಕೆಳಗೆ ಒಂದು ಹಳೆಯ ಬೋರ್ಡು ಒರಗಿಸಿಟ್ಟಿತ್ತು.

ಎರಡು ವಾರ ನಡೆಯಿತು. ನನಗೆ ಆ ಅರ್ಧ ಗಂಟೆಯ ಹುಚ್ಚೇ ಹಿಡಿಯಿತು. ಬಸ್ಸಿನಲ್ಲಿ ಬರುವಾಗ ಹೊಸ ಲೆಕ್ಕ ಹೊಸೆಯುತ್ತಿದ್ದೆ. ಮನೆಯಲ್ಲಿ ಅವ್ವನನ್ನು ಕೇಳಿ ಮರೆತುಹೋಗಿದ್ದ ಪದಗಳನ್ನು ಬರೆದುಕೊಳ್ಳುತ್ತಿದ್ದೆ. ಅವ್ವನಿಗೆ ಅಚ್ಚರಿ. "ಇಷ್ಟ ದಿನ ಕನ್ನಡ ಅಂದ್ರ ಮೂಗು ಮುರೀತಿದ್ದಿ, ಈಗ ಏನಾತ ನಿನಗ?" ಎಂದಳು. ಉತ್ತರಕ್ಕೆ ಕಾಯದೆ ಇನ್ನೂ ಹತ್ತು ಪದ ಹೇಳಿದಳು.

ಮೂರನೆಯ ವಾರದ ಸೋಮವಾರ ಹೋದರೆ ಮರದ ಕೆಳಗೆ ಮೂವರೇ ಇದ್ದರು. ಕಟ್ಟಡದ ಗಾರೆ ಕೆಲಸ ಮುಗಿದಿತ್ತು. ಭಾನುವಾರ ಮೇಸ್ತ್ರಿ ಲಾರಿ ತರಿಸಿ ನಾಲ್ಕು ಮನೆಯವರನ್ನು ಮಾಧಾಪುರದಾಚೆಯ ಹೊಸ ಕೆಲಸಕ್ಕೆ ಸಾಗಿಸಿದ್ದ. ರಿಬ್ಬನ್ನಿನ ಹುಡುಗಿಯೂ ಅದರಲ್ಲಿ ಹೋಗಿದ್ದಳು. ಕೊನೆಯ ಪರೀಕ್ಷೆಗೆ ಇನ್ನು ನಾಲ್ಕೇ ದಿನ ಇತ್ತು.

ಹಾಸ್ಟೆಲ್ಲಿನಲ್ಲಿ ಜೊತೆಗಾತಿ ನನ್ನ ಮುಖ ನೋಡಿಯೇ ಏನಾಯಿತೆಂದು ಕೇಳಿದಳು. ಹೇಳಿದೆ. "ಆ ನಾಲ್ವರಿಗೂ ನೀನೇ ಅಂಕ ಹಾಕಿಬಿಡು," ಎಂದಳು. "ಇದ್ದಿದ್ದರೆ ಬರೆಯುತ್ತಿದ್ದರು ತಾನೇ? ಸುಳ್ಳೇನಲ್ಲ." ಅವಳು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾನೂ ಅಲ್ಲೇ ಕೂತು ಕೋಷ್ಟಕ ಹಾಕಿದೆ. ರಿಬ್ಬನ್ನಿನವಳಿಗೆ ಐದಕ್ಕೆ ಐದು ಕೊಟ್ಟೆ. ಆಮೇಲೆ ಅನುಮಾನ ಬರಬಾರದೆಂದು ನಾಲ್ಕಕ್ಕೆ ಇಳಿಸಿದೆ. ಹಾಗೆ ಇಳಿಸಿದ ಗಳಿಗೆಯಲ್ಲೇ ನನಗೆ ನನ್ನ ಮೇಲೆ ಹೇಸಿಗೆಯಾಯಿತು. ಬಾರದ ಹುಡುಗಿಯಿಂದ ಒಂದು ಅಂಕ ಕಿತ್ತುಕೊಂಡಂತೆ ಅನಿಸಿತು.

ಮರುದಿನ ಆ ಕೋಷ್ಟಕವನ್ನು ಮೇಷ್ಟರ ಮುಂದಿಟ್ಟು, ಇದರಲ್ಲಿ ನಾಲ್ಕು ಸಾಲು ನಾನು ಕಟ್ಟಿದ್ದು ಎಂದೆ. ಅವರು ಬೈಯುತ್ತಾರೆಂದು ಕಾದೆ. ಅವರು ಅಡಿಕೆ ಡಬ್ಬಿ ತೆಗೆದು ಒಂದು ಚೂರು ಬಾಯಿಗೆ ಹಾಕಿಕೊಂಡರು.

"ಆ ಮಕ್ಕಳು ಎಲ್ಲಿ ಹೋಗ್ಯಾರ ಅಂತ ಗೊತ್ತದನು?"

"ಮಾಧಾಪುರದ ಆಚೀಕ ಅಂತ್ರೀ. ಸರಿಯಾಗಿ ಗೊತ್ತಿಲ್ಲ."

"ಗೊತ್ತು ಮಾಡ್ಕೊ. ಸಿಕ್ರ ಸಿಕ್ಕಾರ ಅಂತ ಬರಿ. ಸಿಗ್ಲಿಲ್ಲಂದ್ರ ಸಿಗ್ಲಿಲ್ಲ ಅಂತ ಬರಿ. ಎರಡಕ್ಕೂ ನಾ ಸಹಿ ಮಾಡ್ತೀನಿ. ಇದಕ್ಕ ಮಾಡೂದಿಲ್ಲ." ಕೋಷ್ಟಕವನ್ನು ನನ್ನ ಕಡೆಗೇ ಸರಿಸಿದರು.

ಉಳಿದ ಮೂವರಲ್ಲಿ ಒಬ್ಬನ ತಂದೆ ಹೊಸ ಕೆಲಸದ ಗುರುತು ಹೇಳಿದ. ಭಾನುವಾರ ಬೆಳಿಗ್ಗೆ ಹೊರಟೆ. ಒಬ್ಬಳೇ ಹೋಗುವ ಧೈರ್ಯವಿರಲಿಲ್ಲ, ಜೊತೆಗಾತಿಯನ್ನು ಕರೆದೆ. ಗೊಣಗುತ್ತಲೇ ಬಂದಳು. ಎರಡು ಬಸ್ಸು, ಆಮೇಲೆ ಶೇರ್ ಆಟೋ, ಕೊನೆಗೆ ನಡಿಗೆ. ಈಗ ಅಲ್ಲಿ ಗಾಜಿನ ಕಟ್ಟಡಗಳ ನಡುವೆ ಆಕಾಶ ಹುಡುಕಬೇಕು. ಆಗ ಆನೆಗಾತ್ರದ ಬಂಡೆಗಳು, ಸೀತಾಫಲದ ಗಿಡಗಳು, ನಡುನಡುವೆ ಅರ್ಧ ಎದ್ದ ಕಂಬಗಳು. ಬಂಡೆ ಒಡೆಯುವ ಪುಡಿ ಕಣ್ಣಿಗೆ ತುಂಬುತ್ತಿತ್ತು. ಮೂರು ಕಡೆ ಕೇಳಿ, ನಾಲ್ಕನೆಯ ಕಡೆ ತಗಡಿನ ಶೆಡ್ಡುಗಳ ಸಾಲು ಸಿಕ್ಕಿತು. ಬಟ್ಟೆ ಒಗೆಯುತ್ತಿದ್ದ ಹುಡುಗಿಯೊಬ್ಬಳು ತಲೆಯೆತ್ತಿ ನೋಡಿ ಓಡಿಹೋದಳು. ಕೆಂಪು ರಿಬ್ಬನ್ ಇರಲಿಲ್ಲವಾದ್ದರಿಂದ ನಾನು ಗುರುತು ಹಿಡಿಯಲಿಲ್ಲ. ಶೆಡ್ಡಿನೊಳಗಿಂದ ಅವಳ ದನಿ ಬಂತು: "ಯವ್ವಾ, ಅಕ್ಕೋರು ಬಂದಾರ. ಕುಂದ್ರಾಕ ಏನರ ಹಾಕು."

ಅವಳ ತಾಯಿ ಕೂಸೊಂದನ್ನು ಎತ್ತಿಕೊಂಡು ಹೊರಗೆ ಬಂದರು. ನನಗಿಂತ ಬಹಳವೇನೂ ದೊಡ್ಡವರಲ್ಲ. ಖಾಲಿ ಸಿಮೆಂಟ್ ಚೀಲ ಝಾಡಿಸಿ ಹಾಸಿ, "ಇಷ್ಟ ದೂರ ಬಂದೀರಿ, ಏನರ ತಪ್ಪ ಮಾಡ್ಯಾಳೇನ್ರೀ?" ಎಂದು ಕೇಳಿದರು. ತಪ್ಪೇನಿಲ್ಲ, ಒಂದು ಪರೀಕ್ಷೆ ಬಾಕಿ ಇದೆ, ಬರೆಸಿಕೊಂಡು ಹೋಗಲು ಬಂದೆ ಎಂದೆ. ಅವರಿಗೆ ಅದು ನಂಬುವ ಮಾತೆನಿಸಲಿಲ್ಲ. ಜೊತೆಗಾತಿಯ ಕಡೆ ನೋಡಿದರು. ಅವಳಿಗೆ ಕನ್ನಡ ಬರದು, ಸುಮ್ಮನೆ ನಕ್ಕಳು. ಅಷ್ಟು ಹೊತ್ತಿಗೆ ಅವರ ಕೈಯಲ್ಲಿದ್ದ ಕೂಸು ಅವಳ ತೋಳಿಗೆ ವರ್ಗವಾಗಿತ್ತು.

ನಾಲ್ವರಲ್ಲಿ ಮೂವರು ಸಿಕ್ಕರು. ನಾಲ್ಕನೆಯವನು ಅಜ್ಜಿಗೆ ಹುಷಾರಿಲ್ಲವೆಂದು ಊರಿಗೆ ಹೋಗಿದ್ದ. ಸೆಂಟ್ರಿಂಗ್ ಹಲಗೆಗಳ ಮೇಲೆ ಕಾಗದ ಇಟ್ಟುಕೊಂಡು ಮೂವರೂ ಬರೆಯಲು ಕೂತರು. ಸುತ್ತ ಎಂಟು ಹತ್ತು ಮಂದಿ ಗಾರೆಯವರು ನಿಂತು ನೋಡುತ್ತಿದ್ದರು. ಅವರಲ್ಲೊಬ್ಬ, "ಗದ್ಲ ಮಾಡಬ್ಯಾಡ್ರಿ, ಪರೀಕ್ಷಾ ನಡದೈತಿ," ಎಂದು ದೂರದಲ್ಲಿದ್ದವರಿಗೆ ಹೇಳಿ ಬಂದ.

ರಿಬ್ಬನ್ನಿನ ಹುಡುಗಿ ಮೊದಲು ಮುಗಿಸಿದಳು. ಕಾಗದ ಕೊಡುವಾಗ ಹಿಡಿದ ಕೈ ಬಿಡಲಿಲ್ಲ. "ಇದರಾಗ ಪಾಸಾದ್ರ ಮತ್ತ ಆ ಸಾಲಿಗೆ ಕರಕೊಂಡ ಹೋಗತೀರೇನ್ರೀ ಅಕ್ಕೋರ?"

ಅಷ್ಟು ದೂರ ಹೋಗುವಾಗ ನನ್ನ ತಲೆಯಲ್ಲಿ ಇದ್ದದ್ದು ನನ್ನ ಕೋಷ್ಟಕದ ನಾಲ್ಕು ಸಾಲು. ಆ ಮಕ್ಕಳು ವಾರದಿಂದ ಶಾಲೆಯೇ ಇಲ್ಲದೆ ಕೂತಿದ್ದಾರೆಂಬುದು ಅವಳು ಕೇಳುವವರೆಗೂ ನನಗೆ ಹೊಳೆದಿರಲಿಲ್ಲ. ಅವಳ ತಾಯಿಯನ್ನು ಕೇಳಿದೆ, ಹತ್ತಿರ ಶಾಲೆ ಇಲ್ಲವೇ ಎಂದು.

"ಐತ್ರೀ. ಹೋಗಿದ್ವಿ. ಹಿಂದಿನ ಸಾಲಿ ಚೀಟಿ ತರ್ರಿ ಅಂದ್ರು. ಅದು ಎಲ್ಲಿ ಸಿಗತೈತಿ, ಯಾರನ ಕೇಳಬೇಕು, ನಮಗೇನ ಗೊತ್ರೀ?"

ವಾಪಸು ಬರುವಾಗ ಬಸ್ಸಿನಲ್ಲಿ ಜೊತೆಗಾತಿ ನನ್ನ ಪಕ್ಕ ಕೂತಿದ್ದಳು. ಕೂಸು ಹಿಡಿದಿದ್ದ ಅವಳ ದುಪಟ್ಟಾದ ಮೇಲೆ ಸಿಮೆಂಟಿನ ಬೆರಳಚ್ಚುಗಳಿದ್ದವು. "ನನ್ನ ವರದಿ ಟೈಪಾಗಿ ಬಂದಿದೆ," ಎಂದಳು. "ಚೆನ್ನಾಗಿದೆ. ಆದರೆ ನನ್ನ ಕ್ಲಾಸಿನಲ್ಲಿ ಯಾರು ಹಿಂದಿನ ಸಾಲಿನಲ್ಲಿ ಕೂರುತ್ತಾರೆಂದು ನನಗೆ ಈಗಲೂ ಗೊತ್ತಿಲ್ಲ." ನಾನು ಅವಳ ಕೈ ಹಿಡಿದುಕೊಂಡೆ. ನನ್ನ ಪಾಲಿಗೆ ಅವಳು ಗೆಳತಿಯಾದದ್ದು ಆ ದಿನ.

ಆ ಚೀಟಿಗಾಗಿ, ಅಂದರೆ ಟಿ.ಸಿ. ಎನ್ನುವ ವರ್ಗಾವಣೆ ಪತ್ರಕ್ಕಾಗಿ, ಮುಂದಿನ ವಾರವೆಲ್ಲ ಓಡಾಡಿದೆ. ಹೆಡ್‌ಮಾಸ್ಟರಿಗೆ ತಂದೆಯ ಸಹಿ ಬೇಕು, ತಂದೆಗೆ ಕೆಲಸ ಬಿಟ್ಟು ಬರಲಾಗದು. ಕೊನೆಗೆ ಮರದ ಕೆಳಗೆ ಬೋರ್ಡು ಇಡಿಸಿದ್ದ ಅದೇ ಟೀಚರ್ ಅರ್ಜಿಗಳನ್ನು ತಾವೇ ಬರೆದರು. ನಾನು ಶೆಡ್ಡಿಗೆ ಹೋಗಿ ಹೆಬ್ಬೆಟ್ಟು ಹಾಕಿಸಿಕೊಂಡು ಬಂದೆ. ನಾಲ್ಕೂ ಪತ್ರಗಳನ್ನು ಹಿಡಿದು ಆ ತಾಯಿಯ ಜೊತೆ ಹೊಸ ಶಾಲೆಗೆ ಹೋದಾಗ ಅಲ್ಲಿಯ ಮೇಷ್ಟರು ಇನ್ನೇನೂ ಕೇಳಲಿಲ್ಲ, ಹೆಸರು ಬರೆದುಕೊಂಡರು. ಹೊರಗೆ ಬಂದ ಮೇಲೆ ಆಕೆ, ಮುಂದೆ ಮತ್ತೆ ಬೇರೆ ಕಡೆ ಹೋದರೆ ಏನು ಮಾಡಬೇಕೆಂದು ಕೇಳಿದರು. ಹೋಗುವ ಮೊದಲೇ ಶಾಲೆಗೆ ಬಂದು ಈ ಕಾಗದ ಕೇಳಿ ಪಡೆಯಬೇಕು ಎಂದೆ. ಟಿ.ಸಿ. ಎಂಬ ಅದರ ಹೆಸರನ್ನು ನನ್ನ ಕೈಲಿ ಮೂರು ಸಲ ಹೇಳಿಸಿಕೊಂಡರು.

ಮೌಖಿಕ ಪರೀಕ್ಷೆಯ ದಿನ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಎಲ್ಲರ ವರದಿಗಳಲ್ಲೂ ಅಂಕಗಳ ನಕ್ಷೆಯಲ್ಲಿ ಎರಡನೆಯ ಪರೀಕ್ಷೆಯ ಕಂಬಗಳು ಮೊದಲನೆಯದಕ್ಕಿಂತ ಎತ್ತರ, ಬಣ್ಣ ಬಣ್ಣದವು. ನನ್ನದರಲ್ಲಿ ಏಳು ಮಕ್ಕಳಲ್ಲಿ ಆರು ಮಂದಿಯ ಅಂಕ, ಅದರಲ್ಲೂ ಮೂವರದ್ದು ಬೇರೆ ಜಾಗದಲ್ಲಿ, ಬೇರೆ ದಿನ ಬರೆಸಿದ್ದು. ನಾಲ್ವರು ಸುಧಾರಿಸಿದ್ದರು. ಇಬ್ಬರು ಹಾಗೆಯೇ ಇದ್ದರು. ಎಲ್ಲಕ್ಕೂ ಹನ್ನೆರಡು ಎನ್ನುತ್ತಿದ್ದವಳು ಈ ಸಲವೂ ಎರಡು ಕಡೆ ಹನ್ನೆರಡು ಬರೆದಿದ್ದಳು.

"ಅಂದರೆ ನಿಮ್ಮ ಉಪಾಯ ಫಲಿಸಿತೋ ಇಲ್ಲವೋ?" ಎಂದು ಪರೀಕ್ಷಕರು ಇಂಗ್ಲಿಷಿನಲ್ಲಿ ಕೇಳಿದರು.

"ಖಚಿತವಾಗಿ ಹೇಳಲಾರೆ ಸರ್. ಮಕ್ಕಳು ಕಡಿಮೆ, ದಿನ ಕಡಿಮೆ," ಎಂದೆ. "ಒಂದು ಮಾತ್ರ ತಿಳಿಯಿತು. ಮೊದಲ ಪರೀಕ್ಷೆಯಲ್ಲಿ ನಾನು ಅಳೆದದ್ದು ಅವರ ಗಣಿತವನ್ನಲ್ಲ, ತೆಲುಗನ್ನು. ಅವರನ್ನು ಮಂದರೆಂದು ಬರೆದದ್ದು ತಪ್ಪು. ಆ ಪುಟವನ್ನೂ ವರದಿಗೆ ಲಗತ್ತಿಸಿದ್ದೇನೆ. ಅವರ ಭಾಷೆಯಲ್ಲಿ ಕಲಿಸಿದರೆ ತೆಲುಗು ಹಿಂದೆ ಬೀಳುತ್ತದೆಯೇ ಎಂದು ಅಲ್ಲಿಯ ಟೀಚರ್ ಕೇಳಿದರು. ಅದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಅದನ್ನೂ ಬರೆದಿದ್ದೇನೆ."

ಅವರು ಮಕ್ಕಳ ಉತ್ತರ ಪತ್ರಿಕೆಗಳನ್ನು ಕೇಳಿದರು. ಕೊಟ್ಟೆ. ಹಾಳೆ ತಿರುವಿದಂತೆ ಬೂದು ಪುಡಿ ಮೇಜಿನ ಬಿಳಿ ಬಟ್ಟೆಯ ಮೇಲೆ ಉದುರಿತು. ಅವರು ಅದನ್ನು ಬೆರಳಿನಿಂದ ಮುಟ್ಟಿ ನೋಡಿ, "ಸಿಮೆಂಟಾ?" ಎಂದರು. ಹೌದೆಂದೆ. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟರು.

ನನಗೆ ಬಂದ ಅಂಕ ಸಾಧಾರಣ. ಜೊತೆಗಾತಿಯ ಟೈಪಾದ ವರದಿಗೆ ನನಗಿಂತ ಹೆಚ್ಚು ಬಂತು. ಅವಳಿಗೇ ಅದು ಮುಜುಗರ. ನನಗೆ ಬೇಸರವಾಗಲಿಲ್ಲ ಎಂದರೆ ಸುಳ್ಳಾದೀತು. ಎರಡು ದಿನ ಸಪ್ಪಗಿದ್ದೆ. ಮೇಷ್ಟರು ವರಾಂಡದಲ್ಲಿ ಹಿಡಿದು, "ಮುಂದಿನ ಸಲ ಕೈ ಎತ್ತು ಅಂದ್ರ ಎತ್ತೀಯೇನ್ ತಂಗಿ?" ಎಂದರು. ಯೋಚಿಸಿ, "ಅರ್ಧ ಎತ್ತತೀನ್ರೀ ಸರ" ಎಂದೆ. ಅತ್ತಿತ್ತ ಯಾರಿದ್ದಾರೆಂದು ಆ ದಿನ ನೋಡಲಿಲ್ಲ. ಅವರು ಜೋರಾಗಿ ನಕ್ಕರು. ಅವರು ತೀರಿಹೋಗಿ ಈಗ ಬಹಳ ವರ್ಷವಾಯಿತು. ಜೊತೆಗಾತಿ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ತಪ್ಪು ಹುಡುಕುವ ಕೆಲಸಕ್ಕೆ ಸೇರಿ ಅದರಲ್ಲೇ ಮೇಲಕ್ಕೆ ಹೋದಳು. ನಾನು ಸರ್ಕಾರಿ ಶಾಲೆಗೆ ಸೇರಿದೆ. ಪ್ರತಿ ಜೂನ್‌ನಲ್ಲಿ ಪಾಠ ಶುರುಮಾಡುವ ಮೊದಲು, ಮನೆಯಲ್ಲಿ ಏನು ಮಾತಾಡುತ್ತೀರಿ ಎಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೇಳಿ ಬರೆದುಕೊಳ್ಳುತ್ತೇನೆ.

ಆ ರಿಬ್ಬನ್ನಿನ ಹುಡುಗಿಯನ್ನು ಪರೀಕ್ಷೆಯ ನಂತರ ಎರಡು ಸಲ ನೋಡಿದೆ. ಮೂರನೆಯ ಸಲ ಹೋದದ್ದು ಕೆಲಸ ಸಿಕ್ಕ ಸುದ್ದಿ ಹೇಳಲು. ಏಳೆಂಟು ತಿಂಗಳು ಕಳೆದಿರಬೇಕು. ಶೆಡ್ಡುಗಳಿದ್ದ ಜಾಗದಲ್ಲಿ ಹುಲ್ಲು ಹಾಸುತ್ತಿದ್ದರು, ಕಟ್ಟಡಕ್ಕೆ ಗಾಜು ಕೂರಿಸಿ ಆಗಿತ್ತು. ಗೇಟಿನವನಿಗೆ ಯಾರು ಎಲ್ಲಿ ಹೋದರೆಂದು ತಿಳಿಯದು. ಅಲ್ಲಿಂದ ಅವಳ ಹೊಸ ಶಾಲೆಗೆ ನಡೆದೆ. ಅಂದು ಹೆಸರು ಬರೆದುಕೊಂಡಿದ್ದ ಮೇಷ್ಟರು ಹಾಜರಿ ಪುಸ್ತಕ ತೆರೆದು ತೋರಿಸಿದರು. ಅವಳ ಹೆಸರಿನ ಮುಂದೆ ಒಂದು ದಿನವೂ ತಪ್ಪದೆ ಗುರುತುಗಳಿದ್ದವು, ಆಮೇಲೆ ಒಂದು ಕಡೆ ಕೆಂಪು ಗೆರೆ.

"ಎಲ್ಲಿಗೆ ಹೋದರೋ ಹೇಳಲಿಲ್ಲ," ಎಂದರು. "ಆದರೆ ಹೋಗುವ ಹಿಂದಿನ ದಿನ ಆ ತಾಯಿ ಬಂದಿದ್ದಳು. ಬಾಗಿಲಲ್ಲೇ ನಿಂತು, ಟಿ.ಸಿ. ಕೊಡಿ ಎಂದು ಕೇಳಿದಳು. ಕೊಟ್ಟೆ. ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು."